ಗಾಡಿ ಹಳೇದಿರಲಿ, ಹೆಸರು ನಮ್ಮದಿರಲಿ

ಊರು ಬಿಟ್ಟು ಬಂದು ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ ಬಾಡಿಗೆ ರೂಮು ಹಿಡಿದಿರುವ ನಮ್ಮ ಹುಡುಗರು ಹಳೇ ಮೋಟಾರು ಸೈಕಲ್ ಕೊಂಡರೆ, ಅದನ್ನು ಊರಿಗೆ ತೆಗೆದುಕೊಂಡು ಹೋಗಲು ನಾಚುತ್ತಾರೆ. ಇದನ್ನು ನಾವು ಮೂಡಲಪಾಳ್ಯದಲ್ಲಿ ಕಂಡಿದ್ದೇವೆ, ಕಾಮಾಕ್ಷಿಪಾಳ್ಯದಲ್ಲಿ ಕಂಡಿದ್ದೇವೆ, ಕೆಂಗೇರಿ ಉಪನಗರದ ಆಚೆಯ ವಠಾರಗಳಲ್ಲೂ ಕಂಡಿದ್ದೇವೆ. "ಯಾವ ಗುಜರಿಯಿಂದ ಎತ್ಕಂಡ್ ಬಂದ್ಯೋ ಇದ್ನ?" ಎಂದು ಅರಳಿಕಟ್ಟೆ ಮೇಲೆ ಕೂತವನೊಬ್ಬ ಕೇಳುತ್ತಾನೆ. ಸುತ್ತ ಕೂತವರು ಹಲ್ಲು ಕಿರಿಯುತ್ತಾರೆ. ಈ ಒಂದು ಮಾತಿಗೆ ಹೆದರಿ ನಮ್ಮ ಹುಡುಗ ಮೂರು ವರ್ಷದ ಸಾಲದ ಕಾಗದಕ್ಕೆ ಸಹಿ ಹಾಕುತ್ತಾನೆ. ಈ ನಾಚಿಕೆ ಎಲ್ಲಿಂದ ಬಂತು? ಇದರಿಂದ ಯಾರ ಪೆಟ್ಟಿಗೆ ತುಂಬುತ್ತಿದೆ? ಇದನ್ನು ನಾವು ನಮ್ಮನಮ್ಮಲ್ಲೇ ಬಿಚ್ಚಿ ಮಾತಾಡಬೇಕಾದ ಕಾಲ ಬಂದಿದೆ.

ನಾವು ಹೇಳುವುದು ಎರಡೇ ಮಾತು. ಮೊದಲನೇ ಗಾಡಿ ಹಳೇದೇ ಇರಲಿ. ಆದರೆ ಅದರ ಆರ್.ಸಿ. ನಮ್ಮ ಹೆಸರಿಗಿರಲಿ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟವರು ಏನಾದರೆಂಬುದನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ನಮಗೆ ಉಪದೇಶ ಮಾಡುವವರ ಮಾತು ತೆಗೆದುಕೊಳ್ಳೋಣ. "ಬಡವರಿಗೆ ಮೋಟಾರು ಸೈಕಲ್ ಯಾಕಪ್ಪಾ? ಬಸ್ಸಿದೆ, ಮೆಟ್ರೋ ಇದೆ" ಎನ್ನುತ್ತಾರೆ. ಮನೆ ಮುಂದೆ ಎರಡು ಕಾರು ನಿಲ್ಲಿಸಿಕೊಂಡು ಪರಿಸರದ ಬಗ್ಗೆ ಭಾಷಣ ಬಿಗಿಯುವ ಈ ಸಜ್ಜನರನ್ನು ಒಂದು ದಿನ ಬೆಳಗಿನ ಜಾವ ವಿಜಯನಗರದಿಂದ ಪೀಣ್ಯಕ್ಕೆ ಮೊದಲ ಪಾಳಿಯ ಕೆಲಸಕ್ಕೆ ಕಳಿಸಬೇಕು. ನೇರಳೆ ಮಾರ್ಗದ ರೈಲು ಹತ್ತಿ ಮೆಜೆಸ್ಟಿಕ್ಕಿಗೆ ಹೋಗಬೇಕು. ಅಲ್ಲಿ ಇಳಿದು ಹಸಿರು ಮಾರ್ಗ ಹಿಡಿದು ಶ್ರೀರಾಂಪುರ, ರಾಜಾಜಿನಗರ, ಯಶವಂತಪುರದ ಮೇಲೆ ಮತ್ತೆ ಪಶ್ಚಿಮಕ್ಕೇ ಬರಬೇಕು. ರಾಜಾಜಿನಗರ ವಿಜಯನಗರದ ಹತ್ತಿರವೇ ಇದೆ. ರೈಲಿನಲ್ಲಿ ಹೋಗುವವನು ಮಾತ್ರ ಮೆಜೆಸ್ಟಿಕ್ ಸುತ್ತಿಕೊಂಡು ಹೋಗಬೇಕು. ಬಸವೇಶ್ವರನಗರಕ್ಕೆ, ಕಾಮಾಕ್ಷಿಪಾಳ್ಯಕ್ಕೆ ರೈಲೇ ಇಲ್ಲ. ಹೊಸಹಳ್ಳಿಯಿಂದ ಮಾಗಡಿ ರಸ್ತೆಯ ಮೇಲೆ ಕಡಬಗೆರೆಗೆ, ಹೊರವರ್ತುಲ ರಸ್ತೆಯ ಮೇಲೆ ಜೆ.ಪಿ. ನಗರದಿಂದ ಕೆಂಪಾಪುರಕ್ಕೆ ರೈಲು ಹಾಕಲು ಕೇಂದ್ರ ಸಂಪುಟ ಒಪ್ಪಿದ್ದು 2024ರ ಆಗಸ್ಟಿನಲ್ಲಿ. ಅದು ಓಡುವ ತನಕ ಹೊಟ್ಟೆಗೆ ತಾಳು ಎನ್ನಲಾದೀತೇ? ಈ ನಡುವೆ 2025ರ ಜನವರಿಯಲ್ಲಿ ಬಸ್ಸಿನ ದರ ಶೇಕಡಾ 15 ಏರಿತು. ಮರುತಿಂಗಳೇ ಮೆಟ್ರೋದ ಗರಿಷ್ಠ ದರ 60 ರೂಪಾಯಿಂದ 90ಕ್ಕೆ ಹಾರಿತು.

ಬಸ್ಸು ಬೇಡ ಎಂದು ನಾವು ಹೇಳುತ್ತಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ನಮ್ಮ ತಾಯಂದಿರಿಗೆ, ಗಾರ್ಮೆಂಟ್ಸಿಗೆ ಹೋಗುವ ಅಕ್ಕತಂಗಿಯರಿಗೆ ಬಸ್ಸು ಉಚಿತವಾದದ್ದು ದೊಡ್ಡ ಸಂಗತಿ. ಅದನ್ನು ಹಂಗಿಸುವವರ ಸಾಲಿನಲ್ಲಿ ನಾವಿಲ್ಲ. ಬಸ್ಸು ಹೆಚ್ಚಲಿ, ಟಿಕೆಟ್ಟು ಇಳಿಯಲಿ ಎಂಬ ಹೋರಾಟಕ್ಕೆ ನಾವು ಮುಂದೆ ನಿಲ್ಲಬೇಕು. ಆದರೆ ರಾತ್ರಿ ಹನ್ನೆರಡಕ್ಕೆ ಕೆಲಸ ಮುಗಿಸಿ ಹೊರಬರುವವನಿಗೆ, ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಓಡುವವನಿಗೆ, ಮನೆಮನೆಗೆ ಊಟ ತಲುಪಿಸಿ ಕೂಲಿ ಎಣಿಸುವವನಿಗೆ ಗಾಡಿ ಶೋಕಿಯಲ್ಲ. ಅದು ಗುದ್ದಲಿ ಇದ್ದ ಹಾಗೆ, ಹೊಲಿಗೆ ಮಿಷನ್ ಇದ್ದ ಹಾಗೆ.

ಇನ್ನೂ ಒಂದು ಮಾತಿದೆ. ಈ ನಾಡಿನಲ್ಲಿ ಚಕ್ರದ ಮೇಲೆ ಕೂರುವುದಕ್ಕೂ ಜಾತಿ ಅಡ್ಡ ಬಂದಿದೆ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಎಂಬ ತಮ್ಮ ಬರಹದಲ್ಲಿ ಎರಡು ಪ್ರಸಂಗ ಬರೆದಿದ್ದಾರೆ. 1901ರಲ್ಲಿ ಅವರು ಚಿಕ್ಕ ಹುಡುಗ. ತಂದೆಯನ್ನು ನೋಡಲು ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಕೋರೆಗಾಂವ್‌ಗೆ ಹೊರಟಿದ್ದರು. ಮಸೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದ ಮಕ್ಕಳು ಮಹಾರರೆಂದು ತಿಳಿದ ಕೂಡಲೇ ಯಾವ ಗಾಡಿಯವನೂ ಬರಲೊಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಎತ್ತು ಹೊಡೆದದ್ದು ಮಕ್ಕಳೇ, ಗಾಡಿಯವನು ಮೈಲಿಗೆಯಾಗದಂತೆ ಪಕ್ಕದಲ್ಲಿ ನಡೆದುಕೊಂಡು ಬಂದ. ಇನ್ನೊಂದು 1929ರದು. ಆಗ ಅವರು ಬ್ಯಾರಿಸ್ಟರ್, ಮುಂಬಯಿ ಸರ್ಕಾರದ ಸಮಿತಿಯೊಂದರ ಸದಸ್ಯರು. ಚಾಲೀಸ್‌ಗಾಂವ್‌ನಲ್ಲಿ ಟಾಂಗಾದವರು ಯಾರೂ ಅವರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ನಮ್ಮ ನಾಯಕ ನಡೆದು ಬರಬಾರದೆಂದು ಕೇರಿಯ ಜನ ಟಾಂಗಾ ಒಂದನ್ನೇ ಬಾಡಿಗೆಗೆ ತಂದರು, ಹೊಡೆಯಲು ಬಾರದ ತಮ್ಮವನೊಬ್ಬನನ್ನೇ ಕೂರಿಸಿದರು. ಮೋರಿಯ ಮೇಲೆ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕೆಳಗೆ ಎಸೆಯಲ್ಪಟ್ಟು ಕಾಲು ಮುರಿದುಕೊಂಡರು.

ಅದೆಲ್ಲ ಹಳೇ ಕಾಲ ಎನ್ನುವವರು 2025ರ ಫೆಬ್ರವರಿಯ ಪತ್ರಿಕೆಗಳನ್ನು ತೆಗೆದು ನೋಡಲಿ. ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ ಕಾಲೇಜಿನಿಂದ ಬುಲೆಟ್ ಮೇಲೆ ಮನೆಗೆ ಬರುತ್ತಿದ್ದ ದಲಿತ ವಿದ್ಯಾರ್ಥಿಯೊಬ್ಬನ ಕೈಗಳ ಮೇಲೆ ಮಚ್ಚು ಬೀಸಿದರು. ನಮ್ಮ ಹುಡುಗ ಅಂಥ ಗಾಡಿ ಓಡಿಸುವುದನ್ನು ಸಹಿಸಲಾರದೆ ಹೀಗೆ ಮಾಡಿದರು ಎಂದು ಮನೆಯವರು ದೂರು ಹೇಳಿದರು. ಮೂವರ ಬಂಧನವಾಯಿತು.

ಆದ್ದರಿಂದ ನಮ್ಮ ಹುಡುಗನ ಗಾಡಿಯ ಆಸೆಯನ್ನು ಬರೀ ಶೋಕಿ ಎಂದು ನಾವು ಬೈಯುವುದಿಲ್ಲ. ಮೇಲ್ಕೇರಿಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ಅಪ್ಪನ ಮಗ ಅದೇ ದಾರಿಯಲ್ಲಿ ಗಾಡಿ ಮೇಲೆ ಹೋಗಬೇಕೆಂದು ಬಯಸುವುದು ನ್ಯಾಯವೇ. ಆದರೆ ಈ ನ್ಯಾಯವಾದ ಆಸೆಯನ್ನೇ ಹಗ್ಗ ಮಾಡಿ ನಮ್ಮ ಕುತ್ತಿಗೆಗೆ ಹಾಕುವವರಿದ್ದಾರೆ. ಅವರನ್ನು ಗುರುತಿಸದಿದ್ದರೆ ಹೇಗೆ?

ಷೋರೂಮಿಗೆ ಹೋಗಿ ನೋಡಿ. ಹುಡುಗ ಗಾಡಿಯ ಬೆಲೆ ಕೇಳಿದರೆ ಬೆಲೆ ಹೇಳುವುದಿಲ್ಲ. "ತಿಂಗಳಿಗೆ ಇಷ್ಟೇ ಸಾರ್" ಎನ್ನುತ್ತಾರೆ. ಹುಟ್ಟಿದಾಗಿನಿಂದ ಯಾರ ಬಾಯಲ್ಲೂ 'ಸಾರ್' ಅನ್ನಿಸಿಕೊಳ್ಳದವನಿಗೆ ಅದೊಂದು ಮಾತೇ ಸಾಕು. ಈಗ ಲೆಕ್ಕ ಹಾಕೋಣ. ಹಳ್ಳಿಯ ಮೇಷ್ಟ್ರುಗಳು ಇದನ್ನು ಕರಿಹಲಗೆ ಮೇಲೇ ಬರೆದು ತೋರಿಸಲಿ. 80 ಸಾವಿರ ಸಾಲ. 'ಫ್ಲಾಟ್' ಬಡ್ಡಿ ಶೇಕಡಾ 12. ಮೂರು ವರ್ಷ. ಬಡ್ಡಿಯೇ 28,800 ರೂಪಾಯಿ. ಒಟ್ಟು ಕಟ್ಟಬೇಕಾದ್ದು 1,08,800. ತಿಂಗಳಿಗೆ 3,022. ಇದರಲ್ಲಿರುವ ಹುನ್ನಾರ ಏನು? ತಿಂಗಳು ತಿಂಗಳು ನಾವು ಅಸಲು ತೀರಿಸುತ್ತ ಹೋದರೂ ಬಡ್ಡಿ ಮಾತ್ರ ಕೊನೆಯ ತನಕ ಪೂರಾ 80 ಸಾವಿರದ ಮೇಲೇ ಬೀಳುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದೇ ಶೇಕಡಾ 12 ನಿಜದಲ್ಲಿ ಶೇಕಡಾ 21ರ ಮೇಲಾಗುತ್ತದೆ. ಊರ ಸಾಹುಕಾರ ಬಾಯಲ್ಲಿ ಹೇಳಿ ಕಿತ್ತುಕೊಳ್ಳುತ್ತಿದ್ದ. ಇವರು ಕಂಪ್ಯೂಟರಿನಲ್ಲಿ ಅಚ್ಚು ಹಾಕಿ ಕಿತ್ತುಕೊಳ್ಳುತ್ತಾರೆ.

ಮಾಗಡಿ ಕಡೆಯ ನಮ್ಮ ಗೆಳೆಯನೊಬ್ಬ ಹೀಗೇ ಹೊಸ ಗಾಡಿ ತೆಗೆದ. ಹಗಲು ಪೀಣ್ಯದಲ್ಲಿ ಕೆಲಸ, ಸಂಜೆ ಮೇಲೆ ಡೆಲಿವರಿ. ಹದಿನಾಲ್ಕು ಕಂತು ತಪ್ಪದೆ ಕಟ್ಟಿದ. ಆಮೇಲೆ ಅವನ ಅವ್ವನಿಗೆ ಕಾಯಿಲೆ ಬಂತು, ಮೂರು ಕಂತು ತಪ್ಪಿತು. ಸುಮನಹಳ್ಳಿ ಸಿಗ್ನಲ್ಲಿನಲ್ಲಿ ನಾಲ್ಕು ಜನ ಅಡ್ಡ ಹಾಕಿ ಕೀ ಕಿತ್ತುಕೊಂಡರು. ಬೆನ್ನ ಮೇಲಿದ್ದ ಊಟದ ಚೀಲದ ಸಮೇತ ಅವನು ರಸ್ತೆ ಬದಿಯಲ್ಲಿ ನಿಂತ. ಗೂಂಡಾಗಳನ್ನು ಬಿಟ್ಟು ವಾಹನ ಕಿತ್ತುಕೊಳ್ಳುವುದು ತಪ್ಪು ಎಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ಸಿಗ್ನಲ್ಲಿನಲ್ಲಿ ನಿಂತವನ ನೆರವಿಗೆ ಆ ತೀರ್ಪು ಬರಲಿಲ್ಲ. ಗಾಡಿ ಹೋಯಿತು, ಕಟ್ಟಿದ ಹದಿನಾಲ್ಕು ಕಂತೂ ಹೋಯಿತು. ಗಾಡಿ ಹರಾಜಾದ ಮೇಲೂ ಬಾಕಿ ಇದೆ ಎಂದು ಫೋನು ಬರುತ್ತಲೇ ಇತ್ತು. 1976ರ ಕಾನೂನು ಜೀತ ಪದ್ಧತಿಯನ್ನು ರದ್ದು ಮಾಡಿತು. ಹಾಗಾದರೆ ಇದನ್ನು ಏನೆಂದು ಕರೆಯೋಣ?

ಹಳೇ ಗಾಡಿ ಎಂದ ಕೂಡಲೇ ಇನ್ನೊಂದು ಗುಂಪು ಕಣ್ಣರಳಿಸುತ್ತದೆ. ಇವರಿಗೆ ಹಳೇದು ಎಂದರೆ ಪ್ರೀತಿಯೋ ಪ್ರೀತಿ. 1985ರಲ್ಲಿ ಬಂದು 1996ರಲ್ಲಿ ನಿಂತುಹೋದ ಆರ್‌ಎಕ್ಸ್ 100ಕ್ಕೆ ಬಣ್ಣ ಹೊಡೆಸಿ, ನಿಕ್ಕಲ್ ಮಾಡಿಸಿ, ಹೊಸ ಗಾಡಿಗಿಂತ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಜಾವಾ-ಯೆಜ್ಡಿ ದಿನ ಆಚರಿಸುತ್ತಾರೆ. ಆ ಗಾಡಿಗಳು ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಯ ಹುಟ್ಟುಹಬ್ಬ ಮಾಡುವವರು ಅದನ್ನು ಮಾಡಿದ ಕೈಗಳನ್ನು, ಬೀದಿಗೆ ಬಿದ್ದ ಆ ಕಾರ್ಮಿಕರನ್ನು ಎಷ್ಟು ಸಲ ನೆನೆದಿದ್ದಾರೆ? ಅವರಿಗೆ ಹಳೇ ಗಾಡಿ ಭಾನುವಾರದ ಆಟ. ನಮಗೆ ಅದು ಸೋಮವಾರದಿಂದ ಶನಿವಾರದ ಅನ್ನ. ಅವರ ಹಳೇದು ಬೇರೆ, ನಮ್ಮ ಹಳೇದು ಬೇರೆ. ನಮ್ಮ ಹುಡುಗರು ಇವರನ್ನು ನೋಡಿ ಸದ್ದು ಮಾಡುವ, ಬಿಡಿಭಾಗ ಸಿಕ್ಕದ ಎರಡು ಸ್ಟ್ರೋಕಿನ ಗಾಡಿಗೆ ಮರುಳಾಗಬಾರದು. ಎಂಟು ಹತ್ತು ವರ್ಷ ಓಡಿದ, ನಾಲ್ಕು ಸ್ಟ್ರೋಕಿನ, ನೂರು ನೂರಿಪ್ಪತ್ತೈದು ಸಿ.ಸಿ.ಯ ಸಾದಾ ಗಾಡಿ ಸಾಕು. ಯಾವುದು ನಮ್ಮ ಬೀದಿಯಲ್ಲಿ ಹೆಚ್ಚು ಓಡಾಡುತ್ತದೋ ಅದೇ ನಮಗೆ ಒಳ್ಳೆಯದು. ಯಾಕೆಂದರೆ ಅದರ ಕ್ಲಚ್ ವೈರು, ಬ್ರೇಕ್ ಲೈನರು, ಚೈನು ಎಲ್ಲ ಮೂಲೆ ಅಂಗಡಿಯಲ್ಲೂ ಸಿಕ್ಕುತ್ತದೆ, ಜೆ.ಸಿ. ರಸ್ತೆಗೆ ಹೋದರೆ ಎಲ್ಲವೂ ಸಿಕ್ಕುತ್ತದೆ.

ಹಳೇ ಗಾಡಿಯಲ್ಲಿ ಇನ್ನೊಂದು ಗುಣವಿದೆ. ಅದು ಬಿಚ್ಚಿದರೆ ಅರ್ಥವಾಗುತ್ತದೆ. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ಬಹುಪಾಲು ಗಾಡಿಗಳಿಗೆ ಕಾರ್ಬ್ಯುರೇಟರ್ ಹೋಗಿ ಪೆಟ್ರೋಲನ್ನು ಯಂತ್ರವೇ ಅಳೆದು ಚಿಮ್ಮಿಸುವ ವ್ಯವಸ್ಥೆ ಬಂತು. ಹೊಗೆ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಅದು ಕೆಟ್ಟರೆ ಕಂಪನಿಯ ಸರ್ವೀಸ್ ಸ್ಟೇಷನ್ನಿನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಹಳೇ ಗಾಡಿಯ ವಿದ್ಯೆ ನಮ್ಮ ಬೀದಿಯ ಮೆಕ್ಯಾನಿಕ್ಕಿನ ಕೈಯಲ್ಲಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಆ ಸಾಬರ ಹುಡುಗ, ನಮ್ಮ ಕೇರಿಯ ಹುಡುಗ, ಕಿವಿಯಿಂದಲೇ ಇಂಜಿನ್ನಿನ ರೋಗ ಹೇಳುತ್ತಾನೆ. ಕೈಗೆ ಗ್ರೀಸು ಹತ್ತುವ ವಿದ್ಯೆಯನ್ನು ಈ ದೇಶದ ಪುರೋಹಿತಶಾಹಿ ಯಾವತ್ತೂ ವಿದ್ಯೆ ಎಂದು ಕರೆಯಲಿಲ್ಲ. ಚರ್ಮ ಹದ ಮಾಡಿದವನನ್ನು, ಕಬ್ಬಿಣ ಕಾಯಿಸಿದವನನ್ನು ಹೊರಗೆ ನಿಲ್ಲಿಸಿತು. ನಾವೂ ಹಾಗೇ ಮಾಡುವುದೇ? ಗಾಡಿ ಕೊಳ್ಳುವ ಮೊದಲು ಆ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗಿ. ಅವನ ಅರ್ಧ ದಿನದ ಕೂಲಿಯನ್ನು ಮರ್ಯಾದೆಯಿಂದ ಕೊಡಿ.

ಏನು ನೋಡಬೇಕು? ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಿ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಿಡದೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಬೋರು ಪಿಸ್ಟನ್ನಿಗೆ ಸಾವಿರಾರು ರೂಪಾಯಿ ಸುರಿಯಬೇಕಾದೀತು. ಓಡಿಸುವಾಗ ಹ್ಯಾಂಡಲ್ ಒಂದೇ ಕಡೆಗೆ ಎಳೆದರೆ ಗಾಡಿ ಎಲ್ಲೋ ಬಿದ್ದಿದೆ, ಫೋರ್ಕೋ ಚಾಸಿಯೋ ಸೊಟ್ಟಗಾಗಿದೆ. ಮೀಟರಿನ ಅಂಕಿ ನಂಬಬೇಡಿ, ಅದನ್ನು ತಿರುಗಿಸುವವರಿದ್ದಾರೆ. ಕಾಲಿಡುವ ಜಾಗದ ರಬ್ಬರು, ಬ್ರೇಕಿನ ಪೆಡಲು ಎಷ್ಟು ಸವೆದಿದೆ ನೋಡಿ. ಅದು ಸುಳ್ಳು ಹೇಳುವುದಿಲ್ಲ. ಹೊಸ ಬಣ್ಣ, ಹೊಸ ಸೀಟು ಕಂಡು ಮರುಳಾಗಬೇಡಿ. ಸೀಟಿಗೆ ಹಾಕಿದ ದುಡ್ಡು ಟೈರಿಗೆ ಹಾಕಿದ್ದಾರಾ ಎಂದು ಕೇಳಿ.

ಹಳೇ ಗಾಡಿಯ ಕೊರತೆಯನ್ನೂ ಮುಚ್ಚಿಡಬಾರದು. 2019ರ ಏಪ್ರಿಲಿನಿಂದ ಹೊಸ ಗಾಡಿಗಳಿಗೆ 125 ಸಿ.ಸಿ. ಮೇಲಿದ್ದರೆ ಎ.ಬಿ.ಎಸ್., ಅದರ ಒಳಗಿದ್ದರೆ ಎರಡು ಚಕ್ರಕ್ಕೂ ಒಟ್ಟಿಗೆ ಹಿಡಿಯುವ ಬ್ರೇಕು ಕಡ್ಡಾಯವಾಯಿತು. ಅದಕ್ಕಿಂತ ಹಳೇ ಸಾದಾ ಗಾಡಿಗಳಲ್ಲಿ ಸಾಮಾನ್ಯವಾಗಿ ಇದಿಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇಕಡಾ 44.5 ಜನ ಎರಡು ಚಕ್ರದ ಗಾಡಿಯವರು. ಸಾಲ ಮಾಡದೆ ಉಳಿಸಿದ ಹಣದಲ್ಲಿ ಮೊದಲು ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟ್ಟು, ಹೊಸ ಬ್ರೇಕ್ ಲೈನರು, ಒಳ್ಳೇ ಟೈರು ತನ್ನಿ. ಓಡಿಸುವುದನ್ನು ಸರಿಯಾಗಿ ಕಲಿತು ಲೈಸೆನ್ಸ್ ಮಾಡಿಸಿ. ಚಾಲೀಸ್‌ಗಾಂವ್‌ನ ನಮ್ಮವರಿಗೆ ಪ್ರೀತಿಗೆ ಕೊರತೆ ಇರಲಿಲ್ಲ. ಹೊಡೆಯಲು ಬರುತ್ತಿರಲಿಲ್ಲ, ಅಷ್ಟೇ. ಅದರ ಬೆಲೆ ಬಾಬಾಸಾಹೇಬರ ಕಾಲು.

ಈಗ ಕಾಗದದ ಮಾತು. ಇದನ್ನು ಎರಡು ಸಲ ಓದಿ.

ಕೆಂಗೇರಿಯಲ್ಲಿ ರೂಮು ಮಾಡಿಕೊಂಡಿದ್ದ ನಮ್ಮ ಇನ್ನೊಬ್ಬ ಗೆಳೆಯ, ಪದವಿ ಓದುತ್ತಿದ್ದವನು, ಸಾಲ ಮಾಡದೆ ಹಳೇ ಗಾಡಿಯನ್ನೇ ಕೊಂಡ. ಅಷ್ಟು ಮಟ್ಟಿಗೆ ಸರಿ. ಮಾರಿದವನು ಖಾಲಿ ಫಾರಂಗಳಿಗೆ ಸಹಿ ಹಾಕಿ ಕೊಟ್ಟು, "ಟ್ರಾನ್ಸ್‌ಫರ್ ಯಾವಾಗ್ ಬೇಕಾದ್ರೂ ಮಾಡಿಸ್ಕೊ ಬುಡು" ಎಂದ. ಇವನು ಫಾರಂಗಳನ್ನು ಮಡಚಿ ಪುಸ್ತಕದೊಳಗಿಟ್ಟ. ಎಂಟು ತಿಂಗಳಾದ ಮೇಲೆ ಗಾಡಿ ಕಳುವಾಯಿತು. ಪೊಲೀಸ್ ಠಾಣೆಯಲ್ಲಿ ಮೊದಲು ಕೇಳಿದ್ದು, "ಗಾಡಿ ನಿಂದೇ ಅನ್ನೋಕೆ ಏನಯ್ಯಾ ಸಾಕ್ಷಿ?" ಆರ್.ಸಿ.ಯಲ್ಲಿ ಹೆಸರು ಬೇರೆಯವನದು. ಆ ಮನುಷ್ಯ ಫೋನು ಎತ್ತಲಿಲ್ಲ. ಕೇರಿಯ ಹುಡುಗ ಎಂದು ತಿಳಿದ ಮೇಲೆ ಕಳುವಿನ ದೂರು ಕೊಡಲು ಹೋದವನನ್ನೇ ಕಳ್ಳನ ಹಾಗೆ ಅರ್ಧ ದಿನ ಕೂರಿಸಿದರು.

ಗೆಳೆಯರೇ, ಖಾಲಿ ಕಾಗದ ನಮಗೆ ಹೊಸದೇ? ನಮ್ಮ ಅಜ್ಜಂದಿರು ಉತ್ತ ನೆಲದ ಕಾಗದ ಯಾರ ಹೆಸರಲ್ಲಿತ್ತು? ಸರ್ಕಾರ ಕೊಟ್ಟ ತುಂಡು ಭೂಮಿಯೂ ಖಾಲಿ ಕಾಗದದ ಮೇಲಿನ ಹೆಬ್ಬೆಟ್ಟಿನಿಂದ, ಮದುವೆ ಸಾಲದಿಂದ ಕೈ ತಪ್ಪಿತು. ಹಾಗೆ ಕೈ ತಪ್ಪಿದ್ದನ್ನು ತಡೆಯಲು 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆಯನ್ನೇ ತರಬೇಕಾಯಿತು. ಇವತ್ತಿಗೂ ನಮ್ಮವರು ಆ ಕಾಗದಗಳನ್ನು ಹಿಡಿದು ತಾಲ್ಲೂಕು ಕಚೇರಿ ಸುತ್ತುತ್ತಿದ್ದಾರೆ. ಅಜ್ಜ ಹೆಬ್ಬೆಟ್ಟು ಒತ್ತಿ ಕೆಟ್ಟ, ಅವನಿಗೆ ಓದು ಬರುತ್ತಿರಲಿಲ್ಲ. ಓದು ಬಂದ ಮೊಮ್ಮಗ ಖಾಲಿ ಫಾರಂ ನಂಬಿ ಕೆಡುವುದಕ್ಕೆ ಏನು ನೆಪ?

ಆದ್ದರಿಂದ ಹೇಳುತ್ತೇವೆ. ಮೋಟಾರು ವಾಹನ ಕಾಯ್ದೆ ಪ್ರಕಾರ ಮಾರುವವನು ನಮೂನೆ 29, ಇಬ್ಬರೂ ಸೇರಿ ನಮೂನೆ 30 ಕೊಡಬೇಕು. ರಾಜ್ಯದೊಳಗಿನ ಗಾಡಿಯಾದರೆ ಮಾರುವವನಿಗೆ 14 ದಿನ, ಕೊಳ್ಳುವವನಿಗೆ 30 ದಿನದ ಗಡುವು. ಆರ್.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರಿದ್ದರೆ ಅವರ ಎನ್.ಒ.ಸಿ. ಮತ್ತು ನಮೂನೆ 35 ಇಲ್ಲದೆ ಒಂದು ಪೈಸೆ ಕೊಡಬೇಡಿ. ಆರ್.ಸಿ.ಯಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರನ್ನು ಗಾಡಿಯ ಮೇಲೆ ಒತ್ತಿದ ನಂಬರಿನ ಜೊತೆ ಬೆರಳಿಟ್ಟು ಓದಿ. ಹಳೇ ಮಾಲೀಕನ ಟ್ರಾಫಿಕ್ ದಂಡ ಆ ನಂಬರಿನ ಮೇಲೇ ಕೂತಿರುತ್ತದೆ, ಅದನ್ನು ಅವನಿಂದಲೇ ಕಟ್ಟಿಸಿ. ರಾಜಾಜಿನಗರದ ಕೆಎ-02 ಇರಲಿ, ಜ್ಞಾನಭಾರತಿಯ ಕೆಎ-41 ಇರಲಿ, ಮಾರುವವನ ಸಹಿ ಬಿದ್ದ ಅರ್ಜಿ ಆರ್.ಟಿ.ಒ. ಸೇರುವ ತನಕ ಪೂರ್ತಿ ಹಣ ಬಿಡಬೇಡಿ. ಥರ್ಡ್ ಪಾರ್ಟಿ ವಿಮೆ ಮಾಡಿಸಿ. 2022ರಲ್ಲಿ ಗೊತ್ತುಮಾಡಿದ ದರದಂತೆ 75ರಿಂದ 150 ಸಿ.ಸಿ. ಗಾಡಿಗೆ ತೆರಿಗೆ ಬಿಟ್ಟು ವರ್ಷಕ್ಕೆ 714 ರೂಪಾಯಿ. ಅದಿಲ್ಲದೆ ಯಾರಿಗಾದರೂ ಗುದ್ದಿದರೆ ಜೀವಮಾನದ ದುಡಿಮೆ ಪರಿಹಾರಕ್ಕೆ ಹೋಗುತ್ತದೆ. ಮಾರುವವರೂ ಕೇಳಿಸಿಕೊಳ್ಳಿ: ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತದ ಪರಿಹಾರ ಅವನ ತಲೆ ಮೇಲೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ.

ಕೊನೆಗೆ ಸರ್ಕಾರಕ್ಕೂ ನಮ್ಮ ಮಾತಿದೆ. ಹದಿನೈದು ವರ್ಷ ತುಂಬಿದ ಮೋಟಾರು ಸೈಕಲ್ಲಿನ ನೋಂದಣಿ ನವೀಕರಣಕ್ಕೆ 300 ರೂಪಾಯಿ ಇದ್ದದ್ದನ್ನು 2022ರ ಏಪ್ರಿಲಿನಲ್ಲಿ 1,000 ಮಾಡಿದಿರಿ. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ್ದಕ್ಕೆ 2,000 ಮಾಡಿದಿರಿ. 2023ರ ಫೆಬ್ರವರಿಯಲ್ಲಿ ಇದೇ ಬೆಂಗಳೂರಿನಲ್ಲಿ ಪ್ರಧಾನಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. ಆ ಪೆಟ್ರೋಲಿಗೆ ತಕ್ಕಂತೆ ಗಾಡಿ ತಯಾರಾಗತೊಡಗಿದ್ದು 2023ರ ಏಪ್ರಿಲಿನಿಂದ. ಹಳೇ ಗಾಡಿಗಳ ಕೆಲವು ರಬ್ಬರು ಭಾಗ, ಗ್ಯಾಸ್ಕೆಟ್ಟುಗಳನ್ನು ಬೇಗ ಬದಲಾಯಿಸಬೇಕಾಗಬಹುದು ಎಂದು ಸರ್ಕಾರವೇ ಒಪ್ಪಿದೆ. ಹಾಗಾದರೆ ಆ ಖರ್ಚು ಯಾರದು? ನಿರ್ಧಾರ ದಿಲ್ಲಿಯದು, ದುಡ್ಡು ಮೂಡಲಪಾಳ್ಯದ ಹುಡುಗನದು. ಗಾಳಿ ಕೆಟ್ಟರೆ ಮೊದಲು ಕೆಮ್ಮುವವರು ರಸ್ತೆ ಬದಿಯ ನಾವೇ, ಹೊಗೆ ಉಗುಳುವ ಗಾಡಿ ನಮಗೂ ಬೇಡ. ಆದರೆ ಹೊಗೆ ಅಳೆದು ತಪ್ಪಿದವನನ್ನು ಹಿಡಿಯಿರಿ. ಗಾಡಿಯ ವಯಸ್ಸು ನೋಡಿ ಬಡವನ ಜೇಬಿಗೆ ಕೈ ಹಾಕಬೇಡಿ.

ನಮ್ಮ ಅಕ್ಕತಂಗಿಯರ ಮಾತನ್ನೂ ಮರೆಯಬಾರದು. ಮನೆಗೆ ಒಂದು ಗಾಡಿ ಬಂದರೆ ಅದು ಮಗನದೇ ಏಕೆ ಆಗಬೇಕು? ರಾತ್ರಿ ಪಾಳಿ ಮುಗಿಸಿ ಬರುವ ತಂಗಿಗೆ ಕಲಿಸಲು ನಾವು ಏಕೆ ಹಿಂಜರಿಯುತ್ತೇವೆ? ಆರ್.ಸಿ.ಯಲ್ಲಿ ಅವಳ ಹೆಸರು ಬರಲಿ. ನಮ್ಮನ್ನು ಚಕ್ರದಿಂದ ಇಳಿಸಿದವರನ್ನು ಬೈಯುವ ನಾವೇ ಮನೆಯೊಳಗೆ ಆ ಕೆಲಸ ಮಾಡಿದರೆ ನಮ್ಮ ಬಾಯಿಗೆ ಬೆಲೆ ಇರುವುದಿಲ್ಲ.

ಹಾಸ್ಟೆಲುಗಳಲ್ಲಿ, ರೂಮುಗಳಲ್ಲಿ, ಸಂಘದ ಸಭೆಗಳಲ್ಲಿ ಇದನ್ನು ಚರ್ಚೆಗೆ ತನ್ನಿ. ಹತ್ತು ಜನ ಸೇರಿ ತಿಂಗಳಿಗಿಷ್ಟು ಎತ್ತಿಟ್ಟು ಸರದಿಯ ಮೇಲೆ ಒಬ್ಬೊಬ್ಬರಿಗೆ ಬಡ್ಡಿಯಿಲ್ಲದೆ ಹಳೇ ಗಾಡಿ ಕೊಡಿಸಿ. ಕೊಳ್ಳಲು ಹೋಗುವವನ ಜೊತೆ ಗಾಡಿ ಬಲ್ಲವನೊಬ್ಬ, ಕಾಗದ ಬಲ್ಲವನೊಬ್ಬ ಹೋಗಲಿ. ಊರಿನಲ್ಲಿ ಯಾರಾದರೂ "ಯಾವ ಗುಜರಿಯಿಂದ ಎತ್ಕಂಡ್ ಬಂದ್ಯೋ" ಎಂದರೆ ತಲೆ ತಗ್ಗಿಸಬೇಡಿ. ಜೇಬಿನಿಂದ ಆರ್.ಸಿ. ತೆಗೆದು ತೋರಿಸಿ. "ನನ್ ಹೆಸರಲ್ಲದೆ. ಯಾರ್ ಸಾಲಾನೂ ಇಲ್ಲ. ನಿಂದು ಯಾರ್ ಹೆಸರಲ್ಲದೆ ತೋರ್ಸಣ್ಣ, ನೋಡಾನ" ಎಂದು ಕೇಳಿ.